ಓದುಗರ ಪ್ರಶ್ನೆ: ಕ್ಷಯದ ಸಂಶೋಧನೆ ಸಂಘದ ಕೈಗೆ ಬಂದಾಗ

ಪ್ರಶ್ನೆ: ನಮ್ಮ ಕನ್ನಡ ಸಂಘವು ಪ್ರತಿವರ್ಷ ಉಚಿತ ಆರೋಗ್ಯ ತಪಾಸಣಾ ಶಿಬಿರ ನಡೆಸುತ್ತದೆ. ಪೌಷ್ಟಿಕ ಆಹಾರದಿಂದ ಕ್ಷಯ ಹರಡುವುದನ್ನು ತಗ್ಗಿಸಬಹುದೆಂದು ಮಂಗಳೂರಿನ ವೈದ್ಯರು ತೋರಿಸಿಕೊಟ್ಟಿದ್ದಾರೆಂದು ಕೇಳಿದ್ದೇವೆ. ಈ ಬಾರಿ ಶಿಬಿರದ ಹಣವನ್ನು ಅದಕ್ಕೆ ವಿನಿಯೋಗಿಸಬಹುದೇ?
— ಓದುಗರು, ಡೊಂಬಿವಲಿ (ಮುಂಬಯಿ ಬಳಿ)

ಉತ್ತರ: ಖಂಡಿತ ವಿನಿಯೋಗಿಸಬಹುದು. ಆದರೆ ಆ ಅಧ್ಯಯನದಲ್ಲಿ ನಿಜವಾಗಿ ಏನು ಮಾಡಲಾಯಿತೆಂಬುದನ್ನು ಕಾರ್ಯಕಾರಿ ಸಮಿತಿಯವರು ಮೊದಲು ತಿಳಿಯಬೇಕು. ಯೆನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ, ಡಾ. ಮಾಧವಿ ಭಾರ್ಗವ ಮತ್ತು ಸಂಗಡಿಗರು ಜಾರ್ಖಂಡ್‌ನ ನಾಲ್ಕು ಜಿಲ್ಲೆಗಳಲ್ಲಿ ನಡೆಸಿದ ಈ ಅಧ್ಯಯನ 2023ರಲ್ಲಿ ಪ್ರಕಟವಾಯಿತು. ಔಷಧ ಸೇವಿಸುತ್ತಿದ್ದ 2,800 ರೋಗಿಗಳಿಗೆ ಅಕ್ಕಿ, ಬೇಳೆ, ಹಾಲಿನ ಪುಡಿ, ಎಣ್ಣೆ ಸೇರಿದ 10 ಕಿಲೋ ಪಡಿತರವನ್ನು ತಿಂಗಳು ತಿಂಗಳೂ ಕೊಡಲಾಯಿತು. ಒಂದು ಗುಂಪಿನ ರೋಗಿಗಳ ಮನೆಯವರಿಗೂ, ದೊಡ್ಡವರಿಗೆ ತಲಾ 5 ಕಿಲೋ ಅಕ್ಕಿ ಮತ್ತು ಒಂದೂವರೆ ಕಿಲೋ ಬೇಳೆಯಂತೆ, ಪಡಿತರ ಸಿಕ್ಕಿತು. ಆ ಮನೆಯವರಲ್ಲಿ ಹೊಸದಾಗಿ ಕ್ಷಯ ಕಾಣಿಸಿಕೊಂಡ ಪ್ರಮಾಣ, ಪಡಿತರ ಸಿಗದ ಮನೆಯವರಿಗಿಂತ ಶೇ. 39ರಷ್ಟು ಕಡಿಮೆಯಿತ್ತು. ಮೊದಲ ಎರಡು ತಿಂಗಳಲ್ಲಿ ತೂಕ ಶೇ. 5ರಷ್ಟು ಏರಿದ ರೋಗಿಗಳಲ್ಲಿ ಸಾವಿನ ಅಪಾಯ ಶೇ. 60ರಷ್ಟು ಇಳಿದಿತ್ತು.

ಇಲ್ಲಿ ಮರೆಯಬಾರದ ಸಂಗತಿಯೆಂದರೆ 'ತಿಂಗಳು ತಿಂಗಳೂ' ಎಂಬುದು. ನಮ್ಮ ಸಂಘಗಳಿಗೆ ವೇದಿಕೆ, ಬ್ಯಾನರ್, ಅತಿಥಿಗಳ ಭಾಷಣಗಳ ನಡುವೆ ಒಂದೇ ದಿನ ಚೀಲ ಹಂಚಿ ಮುಗಿಸುವ ಅಭ್ಯಾಸವಿದೆ. ಅಂಥ ಹಂಚಿಕೆಗೂ ಈ ಅಧ್ಯಯನಕ್ಕೂ ಸಂಬಂಧವಿಲ್ಲ. ನಲವತ್ತೆಂಟು ಕುಟುಂಬಗಳಿಗೆ ಒಂದು ಸಲ ಕೊಡುವುದಕ್ಕಿಂತ ಎಂಟು ಕುಟುಂಬಗಳಿಗೆ ಆರು ತಿಂಗಳು ಕೊಟ್ಟು, ಪ್ರತಿ ತಿಂಗಳೂ ತೂಕ ನೋಡಿ ಬರೆದಿಡುವುದು ಮೇಲು. ತೂಕ ಏರದವರನ್ನು ತಡಮಾಡದೆ ಚಿಕಿತ್ಸಾ ಕೇಂದ್ರದ ವೈದ್ಯರ ಬಳಿಗೆ ಕಳುಹಿಸಬೇಕು. ರೋಗಿಗಳ ಹೆಸರು, ಫೋಟೋ ಎಲ್ಲಿಯೂ ಬರಕೂಡದು. ಕ್ಷಯವೆಂದು ತಿಳಿದರೆ ಬಾಡಿಗೆ ಕೋಣೆ ಬಿಡಿಸುವವರು ಮುಂಬಯಿಯಲ್ಲಿ ಇಂದಿಗೂ ಇದ್ದಾರೆ.

ಇನ್ನು, ಜಾರ್ಖಂಡ್‌ನ ಅಧ್ಯಯನ ಕುಟುಂಬಗಳ ನಡುವೆ ನಡೆದದ್ದು. ಇಲ್ಲಿ ಹೋಟೆಲಿನ ನಮ್ಮ ಹುಡುಗರು ಒಂದೇ ಕೋಣೆಯಲ್ಲಿ ಏಳೆಂಟು ಮಂದಿ ಮಲಗುತ್ತಾರೆ. ಅವರು ರಕ್ತಸಂಬಂಧಿಗಳಲ್ಲದಿದ್ದರೂ ಉಸಿರಾಡುವುದು ಅದೇ ಗಾಳಿಯನ್ನಾದ್ದರಿಂದ, ಅವರನ್ನೂ ಮನೆಯವರೆಂದೇ ಎಣಿಸಿ ತಪಾಸಣೆಗೆ ಒಳಪಡಿಸಬೇಕೆಂಬುದು ನನ್ನ ಅಭಿಪ್ರಾಯ. ಕಲಬುರಗಿ, ಯಾದಗಿರಿ ಕಡೆಯ ಕಟ್ಟಡ ಕಾರ್ಮಿಕರಿಗಾದರೆ ಅಕ್ಕಿಯ ಬದಲು ಜೋಳ ಕೊಡಿ. ಉಣ್ಣದ ಧಾನ್ಯದಿಂದ ತೂಕ ಏರುವುದಿಲ್ಲ.

ಸಂಘ-ಸಂಸ್ಥೆಗಳು ಕ್ಷಯರೋಗಿಗಳಿಗೆ ಆಹಾರ ಮುಂತಾದ ನೆರವು ನೀಡಲು ಸರ್ಕಾರ ನಡೆಸುವ 'ನಿಕ್ಷಯ್ ಮಿತ್ರ' ಯೋಜನೆಯಲ್ಲಿ ನಿಮ್ಮ ಸಂಘವು ಹೆಸರು ನೋಂದಾಯಿಸಿದರೆ, ಒಪ್ಪಿಗೆ ಕೊಟ್ಟ ರೋಗಿಗಳನ್ನು ಆರೋಗ್ಯ ಇಲಾಖೆಯೇ ಗೊತ್ತುಮಾಡಿಕೊಡುತ್ತದೆ. ಚಿಕಿತ್ಸೆಯ ಅವಧಿಯಲ್ಲಿ ರೋಗಿಯ ಖಾತೆಗೆ ಸಲ್ಲುವ ಪೋಷಣಾ ನೆರವು 2024ರ ನವೆಂಬರ್‌ನಿಂದ ತಿಂಗಳಿಗೆ 1,000 ರೂಪಾಯಿಗೆ ಏರಿದೆ. ಅದು ತಲುಪುತ್ತಿದೆಯೇ ಎಂದು ವಿಚಾರಿಸುವುದೂ ನಿಮ್ಮ ಕೆಲಸವಾಗಲಿ.

ಪ್ರಶ್ನೆ: ಒತ್ತೊತ್ತಾಗಿ ಕಟ್ಟಿದ ಪುನರ್ವಸತಿ ಕಟ್ಟಡಗಳ ಕೆಳ ಮಹಡಿಗಳಲ್ಲಿ ಗಾಳಿ, ಬೆಳಕಿಲ್ಲದೆ ಕ್ಷಯ ಹೆಚ್ಚೆಂದು ನಮ್ಮ ಭಾಗದಲ್ಲೇ ನಡೆದ ಅಧ್ಯಯನ ಹೇಳಿತಲ್ಲ, ಅದರಿಂದ ನಮಗೇನು ಪ್ರಯೋಜನ?
— ಓದುಗರು, ಗೋವಂಡಿ (ಮುಂಬಯಿ)

ಉತ್ತರ: ಕಟ್ಟಿ ಮುಗಿದ ಕಟ್ಟಡಗಳನ್ನು ದೂರ ಸರಿಸಲಾಗದು. ಕಿಟಕಿಗೆ ಅಡ್ಡವಾಗಿ ಸಾಮಾನು ಪೇರಿಸದಿರುವುದು, ಪಡಸಾಲೆಯ ಗಾಳಿದಾರಿಯನ್ನು ಮುಚ್ಚದಿರುವುದು ಮಾತ್ರ ನಿವಾಸಿಗಳ ಕೈಯಲ್ಲಿದೆ. ಕಟ್ಟಡಗಳ ನಡುವಣ ಅಂತರವನ್ನು ನಿರ್ಧರಿಸುವುದು ನಗರದ ಕಟ್ಟಡ ನಿರ್ಮಾಣಕ್ಕೆ ಅನ್ವಯಿಸುವ ಅಭಿವೃದ್ಧಿ ನಿಯಂತ್ರಣ ನಿಯಮಾವಳಿ. ಅದರ ತಿದ್ದುಪಡಿಗೆ ಸಾರ್ವಜನಿಕ ಆಕ್ಷೇಪಣೆ ಕರೆದಾಗ, ಆ ಅಧ್ಯಯನದ ಪ್ರತಿಯನ್ನು ಲಗತ್ತಿಸಿ, ಸೊಸೈಟಿಯ ಠರಾವಿನೊಂದಿಗೆ ಲಿಖಿತವಾಗಿ ಸಲ್ಲಿಸಿ.