ಕಂಪ್ಯೂಟರ್ ಸೈನ್ಸ್ ಜೊತೆ ಭೂ ವ್ಯವಸ್ಥೆ ವಿಜ್ಞಾನ ಮೈನರ್ ತಗೊಂಡರೆ ಪ್ರಯೋಜನ ಉಂಟಾ?

ಊರು ಸೋಮವಾರಪೇಟೆ, ಬಿಎಸ್ಸಿಯಲ್ಲಿ ಕಂಪ್ಯೂಟರ್ ಸೈನ್ಸ್ ಅಂದಿದ್ದೀರಿ. ಮೈನರ್, ಅಂದರೆ ಮುಖ್ಯ ವಿಷಯದ ಜೊತೆ ಓದುವ ಉಪವಿಷಯದ ಪಟ್ಟಿಯಲ್ಲಿ ಈ ಹೆಸರು ನೋಡಿ ‘ಇದು ಹೈಸ್ಕೂಲ್ ಭೂಗೋಳವೇ ತಾನೇ’ ಅಂತ ಅನುಮಾನ ನಿಮಗೆ. ನಾನು ಭೌತಶಾಸ್ತ್ರದ ಜೊತೆ ಇದನ್ನೇ ಓದಿದವನು, ಮನೆ ಮಡಿಕೇರಿ ಹತ್ತಿರ. ನನಗೂ ಮೊದಲು ಹಾಗೇ ಅನಿಸಿತ್ತು.

ಅಪ್ಪ ದಿನಾ ಬೆಳಿಗ್ಗೆ ಕಾಫಿ ಕುಡಿಯುವ ಮೊದಲೇ ಅಂಗಳದ ಮಳೆಮಾಪಕ ನೋಡಿ ‘2 ಇಂಚು 40 ಸೆಂಟ್’ ಅಂತ ಡೈರಿಯಲ್ಲಿ ಬರೆಯುತ್ತಾರೆ (ಇಂಚಿನ ನೂರರಲ್ಲೊಂದು ಪಾಲು ಒಂದು ಸೆಂಟ್). ತೋಟದ ಮನೆಯವರಾದರೆ ನಿಮಗೂ ಇದು ಗೊತ್ತಿರುತ್ತದೆ. ಎರಡನೇ ಸೆಮಿಸ್ಟರಿನಲ್ಲಿ ಲೆಕ್ಕ ಹಾಕಿಸಿದರು: ಒಂದು ಎಕರೆಗೆ ಒಂದು ಇಂಚು ಮಳೆ ಅಂದರೆ ಒಂದು ಲಕ್ಷ ಲೀಟರಿಗೂ ಮಿಕ್ಕಿದ ನೀರು. ಅದರಲ್ಲಿ ಹೊಳೆ ಸೇರುವುದೆಷ್ಟು, ಮಣ್ಣಿಗಿಳಿಯುವುದೆಷ್ಟು, ತೋಟದ ನೆರಳಿನ ಮರ ಸಿಲ್ವರ್ ಓಕ್‌ನ ಎಲೆಗಳಿಂದ ಆವಿಯಾಗಿ ವಾಪಸ್ ಹೋಗುವುದೆಷ್ಟು? ಈ ವಿಷಯದ ಜೀವಾಳವೇ ಈ ಜಮಾ-ಖರ್ಚು. ಬಂಡೆ, ನೀರು, ಗಾಳಿ, ಜೀವ, ಎಲ್ಲದರ ಖಾತೆಯೂ ಒಂದಕ್ಕೊಂದು ತಳಕು ಹಾಕಿಕೊಂಡಿರುತ್ತದೆ. 1980ರ ದಶಕದಲ್ಲಿ ಫ್ರಾನ್ಸಿಸ್ ಬ್ರೆಥರ್ಟನ್ ಅಧ್ಯಕ್ಷತೆಯ ನಾಸಾ ಸಮಿತಿ ಇದನ್ನೆಲ್ಲ ಡಬ್ಬಿ, ಬಾಣಗಳ ಒಂದೇ ಚಿತ್ರದಲ್ಲಿ ಬರೆದಿತ್ತು. ಮೊದಲ ಕ್ಲಾಸಿನಲ್ಲೇ ಅದನ್ನು ತೋರಿಸಿದರು, ತಲೆ ಗಿರ್ರೆಂದಿತು.

ನನಗೆ ವಿಷಯ ನಿಜವಾಗಿ ಹಿಡಿಸಿದ್ದು ಬರೆ (ಗುಡ್ಡದ ಕಡಿದಾದ ಮಗ್ಗುಲು) ಕುಸಿತದ ಪಾಠದಲ್ಲಿ. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲ ಕಡೆ ಗುಡ್ಡಗಳು ಜಾರಿದಾಗ ನಮ್ಮಲ್ಲಿ ಒಬ್ಬೊಬ್ಬರದು ಒಂದೊಂದು ಮಾತು: ಜಲಸ್ಫೋಟ, ಜುಲೈಯಲ್ಲಿ ಭೂಮಿ ನಡುಗಿದ್ದರ ಫಲ, ದೇವರ ಕೋಪ. ಪಾಠದಲ್ಲಿ ಕೊಟ್ಟ ಕಾರಣ ಬೇರೆ: ನಮ್ಮ ಗುಡ್ಡಗಳಲ್ಲಿ ಬಂಡೆ ಶಿಥಿಲವಾಗಿ ಆದ ಮಣ್ಣು ದಪ್ಪಕ್ಕಿದೆ. ವಾರಗಟ್ಟಲೆ ಮಳೆ ಹೊಯ್ದು ಮಣ್ಣಿನ ಸಂದುಗಳೆಲ್ಲ ತುಂಬಿದರೆ ಆ ನೀರಿನ ಒತ್ತಡವೇ ಕಣಗಳ ಹಿಡಿತ ಸಡಿಲಿಸುತ್ತದೆ. ರಸ್ತೆಗೋ ಮನೆಗೋ ಅಂತ ಬರೆಯ ಬುಡ ಕಡಿದಿದ್ದರೆ ತಡೆಯಲು ಏನೂ ಉಳಿಯುವುದಿಲ್ಲ. ಇಲ್ಲದ ಕಡೆ ಹೊಸ ಒರತೆ, ಕೆಂಪು ನೀರು, ವಾಲಿದ ಮರ ಕಂಡರೆ ಹುಷಾರಾಗಬೇಕು ಅನ್ನುವುದಕ್ಕೆ ಕಾರಣ ನನಗೆ ಅಲ್ಲಿ ತಿಳಿಯಿತು. ನಮ್ಮ ಮನೆ ಹಿಂದಿನ ಬರೆ ಕಡಿಸಿದ್ದು ನಾವೇ. ಅಪ್ಪನಿಗೆ ಅದನ್ನು ಹೇಳಲು ಒಂದು ವಾರ ಹಿಡಿಯಿತು.

ಇನ್ನು ನಿಮ್ಮ ಲೆಕ್ಕಾಚಾರ. ಯುಜಿಸಿಯ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) 2022ರ ಚೌಕಟ್ಟಿನಲ್ಲಿ ಮೂರು ವರ್ಷದ ಪದವಿಗೆ ಮೈನರ್ 24 ಕ್ರೆಡಿಟ್. ನಿಮ್ಮ ಕಾಲೇಜಿನದು ಬೇರೆ ಇರಬಹುದು, ಕೇಳಿ. ಬರೀ ಈ ಮೈನರ್ ನೋಡಿ ಯಾರೂ ಕೆಲಸ ಕೊಡುವುದಿಲ್ಲ, ನನ್ನನ್ನು ಸಂದರ್ಶನದಲ್ಲಿ ಅದರ ಬಗ್ಗೆ ಕೇಳಿದ್ದೂ ಇಲ್ಲ. ಆದರೆ ಉಪಗ್ರಹ ಚಿತ್ರ, ಜಿಐಎಸ್ (ಕಂಪ್ಯೂಟರಿನಲ್ಲಿ ನಕ್ಷೆ, ಜಾಗದ ಮಾಹಿತಿ ಜೋಡಿಸುವ ವ್ಯವಸ್ಥೆ), ಮಳೆಯ ದತ್ತಾಂಶ, ಇವಕ್ಕೆಲ್ಲ ಕೋಡ್ ಬರೆಯುವವರು ಬೇಕು. ಅಲ್ಲಿ ನಿಮ್ಮ ಕೈ ಮೇಲು. ಸಿಲಬಸ್ಸಿನಲ್ಲಿ ಜಿಐಎಸ್ ಲ್ಯಾಬ್, ಫೀಲ್ಡ್ ವರ್ಕ್ ಎರಡೂ ಇಲ್ಲದಿದ್ದರೆ ಬಿಡಿ, ಅದೇ ಪಾಠ ಐಐಟಿಯವರ ಆನ್‌ಲೈನ್ ಪಾಠಗಳಿರುವ ಎನ್‌ಪಿಟಿಇಎಲ್‌ನಲ್ಲಿ ಪುಕ್ಕಟೆ ಸಿಗುತ್ತದೆ. ನಮ್ಮ ಕಾಲೇಜಿನವರು ಮೂರು ವರ್ಷಕ್ಕೆ ಒಂದೇ ದಿನ ಹೊರಗೆ ಕರೆದೊಯ್ದರು, ಅದೂ ಕಕ್ಕಡದಲ್ಲಿ, ಜಡಿಮಳೆಯ ತಿಂಗಳಲ್ಲಿ. ಬಂಡೆಗಿಂತ ಜಿಗಣೆಯನ್ನೇ ಜಾಸ್ತಿ ನೋಡಿದೆವು.

ಸೇರುವ ಮೊದಲು ಒಂದು ಕೆಲಸ ಮಾಡಿ ನೋಡಿ. ಮನೆಯ ಹಳೇ ಮಳೆ ಡೈರಿ ಇದ್ದರೆ ಹತ್ತು ವರ್ಷದ್ದನ್ನು ಎಕ್ಸೆಲ್‌ಗೆ ಹಾಕಿ. ಬೇಜಾರಾಗದಿದ್ದರೆ ಸೇರಿ. ನಾನು ಹಾಕುವಾಗ 2018ರ ಆಗಸ್ಟಿನಲ್ಲಿ ಎರಡು ದಿನ ಅಂಕಿಯೇ ಇರಲಿಲ್ಲ. ಅಪ್ಪ ಬರೆದಿದ್ದು ಇಷ್ಟೇ: ‘ಬಾಟಲಿ ತುಂಬಿ ಹರಿದಿದೆ.’