ಬಿಡುಗಡೆಗೆ ಮೊದಲೇ ಮನೆ ಹುಡುಕಿ

ವಿದೇಶಿಯರ ಬಂಧನ ಕೇಂದ್ರದಿಂದ ಹೊರಬರುವ ನಿರಾಶ್ರಿತರಿಗೆ ಬಾಡಿಗೆ ಮನೆ ಹುಡುಕುವ ಬಗ್ಗೆ ಓದುಗರು ಕೇಳಿದ ಪ್ರಶ್ನೆಗಳಿಗೆ ವಕೀಲರ ಉತ್ತರ

ಪ್ರಶ್ನೆ: ನಾವು ನಾಲ್ಕೈದು ಜನ ಗೆಳೆಯರು. ಸೊಂಡೆಕೊಪ್ಪದ ಬಂಧನ ಕೇಂದ್ರದಲ್ಲಿರುವ ಸುಡಾನ್ ದೇಶದ ಹುಡುಗನೊಬ್ಬನಿಗೆ ನೆರವಾಗುತ್ತಿದ್ದೇವೆ. ಓದಲು ಬಂದವನು. 2023ರಲ್ಲಿ ಅವನ ದೇಶದಲ್ಲಿ ಯುದ್ಧ ಶುರುವಾಯಿತು, ಇಲ್ಲಿ ವೀಸಾ ಮುಗಿಯಿತು. ಕೋರ್ಟಿನಿಂದ ಬಿಡುಗಡೆ ಸಿಗುವ ಹಾಗಿದೆ. ಆದರೆ ಮೂರು ವಾರದಲ್ಲಿ ಹನ್ನೊಂದು ಮನೆ ನೋಡಿದೆವು, ಎಲ್ಲಾ ಕಡೆ 'ಫ್ಯಾಮಿಲಿಗೆ ಮಾತ್ರ' ಎನ್ನುತ್ತಾರೆ. ನಮ್ಮಲ್ಲೊಬ್ಬ ತನ್ನ ಹೆಸರಲ್ಲೇ ಮನೆ ಹಿಡಿದು ಅವನನ್ನು ಇರಿಸೋಣ ಅನ್ನುತ್ತಿದ್ದಾನೆ. ಮಾಡಬಹುದಾ?
ಕೆ.ಎಸ್., ಹೆಣ್ಣೂರು

ಉತ್ತರ: ಕೊನೆಯ ಮಾತಿಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಬೇಡ.

ಕೆಲವು ವರ್ಷಗಳ ಹಿಂದೆ ನನ್ನ ಕಕ್ಷಿದಾರನೊಬ್ಬನಿಗೆ ಪರಿಚಯದ ಹುಡುಗರು ಹೀಗೇ ಮಾಡಿದರು. ನನಗೂ ಗೊತ್ತಿತ್ತು. ಹೇಗೋ ತಲೆ ಮೇಲೊಂದು ಸೂರು ಸಿಕ್ಕಿತಲ್ಲ ಅಂತ ಸುಮ್ಮನಿದ್ದೆ. ಒಂದು ಭಾನುವಾರ ಬೆಳಗ್ಗೆ ಮನೆ ಯಜಮಾನರು ಟ್ಯಾಂಕ್ ನೋಡಲು ಮೇಲೆ ಹತ್ತಿದರು. ಬಾಗಿಲು ತೆರೆದವನನ್ನು ಅವರು ಹಿಂದೆಂದೂ ನೋಡಿರಲಿಲ್ಲ. ಸಂಜೆ ಹೊತ್ತಿಗೆ ಹಾಸಿಗೆ, ಬಕೆಟ್, ಒಂದು ಸೂಟ್‌ಕೇಸ್ ಮೆಟ್ಟಿಲ ಮೇಲಿದ್ದವು. ಅದೂ ಹೋಗಲಿ ಅನ್ನಿ. ಕೋರ್ಟಿಗೆ ಕೊಟ್ಟಿದ್ದ ವಿಳಾಸ ಅದೇ. ಆ ವಾರವೇ ವಿಚಾರಿಸಲು ಬಂದ ಕಾನ್‌ಸ್ಟೇಬಲ್‌ಗೆ ಯಜಮಾನರು 'ಆ ಹೆಸರಿನವರು ನಮ್ಮ ಬಾಡಿಗೆದಾರರೇ ಅಲ್ಲ' ಎಂದರು. ಅವರು ಹೇಳಿದ್ದರಲ್ಲಿ ಸುಳ್ಳೇನಿತ್ತು? ಅದನ್ನು ಸರಿಪಡಿಸಲು ಎರಡು ತಿಂಗಳು ಓಡಾಡಿದೆ.

ಈ ಕೇಸುಗಳಲ್ಲಿ ಮನೆ ಅಂದರೆ ಬರೀ ಮನೆಯಲ್ಲ, ವಿಳಾಸ. ವಿದೇಶಿಯರೆಂದು ಘೋಷಿತರಾಗಿ ಅಸ್ಸಾಂನ ಬಂಧನ ಕೇಂದ್ರಗಳಲ್ಲಿ ಮೂರು ವರ್ಷ ದಾಟಿದವರನ್ನು ಬಿಡಬಹುದು ಎಂದು 2019ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಷರತ್ತುಗಳಿದ್ದವು: ತಲಾ 1 ಲಕ್ಷ ರೂಪಾಯಿಯ ಇಬ್ಬರು ಜಾಮೀನುದಾರರು, ವಾರಕ್ಕೊಮ್ಮೆ ಠಾಣೆಯಲ್ಲಿ ಹಾಜರಿ, ಮತ್ತೆ ಹೊರಗೆ ಎಲ್ಲಿರುತ್ತಾರೆ ಎಂಬ, ಹೋಗಿ ನೋಡಿದರೆ ಸಿಗುವಂಥ ವಿಳಾಸ. 2020ರ ಏಪ್ರಿಲ್‌ನಲ್ಲಿ, ಕೊರೊನಾ ಕಾಲದಲ್ಲಿ, ಮೂರು ವರ್ಷ ಎರಡಾಯಿತು. ಜಾಮೀನಿನ 1 ಲಕ್ಷ ರೂಪಾಯಿ 5,000ಕ್ಕೆ ಇಳಿಯಿತು. ವಿಳಾಸದ ಷರತ್ತು ಮಾತ್ರ ಹಾಗೇ ಉಳಿಯಿತು. ಅದು ಅಸ್ಸಾಂನ ಆದೇಶ, ನಿಮ್ಮ ಹುಡುಗನಿಗೆ ನೇರವಾಗಿ ಅನ್ವಯಿಸುವುದಿಲ್ಲ. ಆದರೆ ಕೋರ್ಟುಗಳು ಯಾವುದನ್ನು ಬಿಡುತ್ತವೆ, ಯಾವುದನ್ನು ಬಿಡುವುದಿಲ್ಲ ಅನ್ನೋದು ಅದರಿಂದ ತಿಳಿಯುತ್ತದೆ, ಅಲ್ವಾ? ಅದಕ್ಕೇ 'ಬಿಡುಗಡೆ ಆಗಲಿ, ಆಮೇಲೆ ಮನೆ ನೋಡೋಣ' ಅನ್ನುವವರಿಗೆ ನಾನು ಬೇಡ ಅನ್ನುತ್ತೇನೆ. ಮನೆ ಮೊದಲು. ಯಜಮಾನರು ಒಪ್ಪಿ ಸಹಿ ಹಾಕಿದ ಪತ್ರ ವಕೀಲರ ಫೈಲಿನಲ್ಲಿದ್ದರೆ ಕೋರ್ಟಿನಲ್ಲಿ ಮಾತೇ ಬೇರೆಯಾಗುತ್ತದೆ.

ಇನ್ನು ಮನೆ ಹುಡುಕುವ ರೀತಿ. ಹನ್ನೊಂದು ಮನೆಗೂ ಬ್ರೋಕರ್ ಮೂಲಕ ಹೋಗಿರಬೇಕು ಅಂತ ನನ್ನ ಊಹೆ. ಬ್ರೋಕರ್‌ಗೆ ಒಂದು ತಿಂಗಳ ಬಾಡಿಗೆಯ ಕಮಿಷನ್ ಮುಖ್ಯ. ರಗಳೆ ಬೇಡ ಅಂತ ಅವನೇ ಯಜಮಾನರ ಪರವಾಗಿ 'ಇಲ್ಲ' ಅಂದುಬಿಡುತ್ತಾನೆ. ಎಷ್ಟೋ ಸಲ ಯಜಮಾನರಿಗೆ ವಿಷಯವೇ ಗೊತ್ತಿರುವುದಿಲ್ಲ. ಗೇಟಿಗೆ ಟು-ಲೆಟ್ ಬೋರ್ಡ್ ನೇತುಹಾಕಿರುವ, ಕೆಳಗೆ ತಾವೇ ಇದ್ದು ಮೇಲಿನ ರೂಮು ಬಾಡಿಗೆಗೆ ಕೊಡುವ ಮನೆಗಳನ್ನು ನೋಡಿ. ಹೆಣ್ಣೂರು, ಕಮ್ಮನಹಳ್ಳಿ, ಕೊತ್ತನೂರು ಕಡೆ ವಿದೇಶಿ ವಿದ್ಯಾರ್ಥಿಗಳಿಗೆ ಮನೆ ಕೊಟ್ಟು ಅಭ್ಯಾಸವಿರುವವರು ಇದ್ದಾರೆ. ಅವರಿಗೆ ಅರ್ಧ ವಿಷಯ ಹೇಳಬೇಕಾಗೇ ಇಲ್ಲ.

ಹೋಗುವಾಗ ಇಬ್ಬರೇ ಹೋಗಿ. ಒಬ್ಬರು ವಯಸ್ಸಾದವರಿರಲಿ. ಫೋನಲ್ಲಿ ಮಾತು ಮುಗಿಸಬೇಡಿ. ಇದ್ದದ್ದನ್ನು ಇದ್ದ ಹಾಗೆ ಹೇಳಿ: ಹೀಗೊಬ್ಬ ಹುಡುಗ, ಓದಲು ಬಂದವನು, ವೀಸಾ ಮುಗಿದು ಒಳಗಿದ್ದಾನೆ, ಕೋರ್ಟಿನಲ್ಲಿ ಕೇಸಿದೆ, ಇದು ವಕೀಲರ ನಂಬರ್, ಇದು ನಮ್ಮ ನಂಬರ್. 'ಬಂಧನ' ಅಂದ ಕೂಡಲೇ ಜನ ಕಳ್ಳತನ, ಡ್ರಗ್ಸ್ ಅಂದುಕೊಳ್ಳುತ್ತಾರೆ. ಸೊಂಡೆಕೊಪ್ಪದ ಕೇಂದ್ರ ಜೈಲಲ್ಲ, ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲ್ ಆಗಿದ್ದ ಕಟ್ಟಡ ಅದು ಎಂದು ವಿವರಿಸಿ. ಕಳೆದ ವರ್ಷ ಹೀಗೇ ಒಂದು ಮನೆಗೆ ಹೋಗಿದ್ದೆ. ಯಜಮಾನಮ್ಮ ಕಲ್ಲುಬೆಂಚಿನ ಮೇಲೆ ಅವರೆಕಾಯಿ ಸುಲಿಯುತ್ತಾ ಕೂತಿದ್ದರು. ನಾನು ಕಾನೂನೆಲ್ಲ ಹತ್ತು ನಿಮಿಷ ಹೇಳಿದೆ. ಅವರು ಕೇಳಿದ್ದು ಮೂರೇ. 'ನೀರು ಜಾಸ್ತಿ ಬಳಸ್ತಾನಾ? ರಾತ್ರಿ ಎಷ್ಟೊತ್ತಿಗೆ ಬರ್ತಾನೆ? ಏನಾದ್ರೂ ಆದ್ರೆ ನಾನು ಯಾರಿಗೆ ಫೋನ್ ಮಾಡ್ಲಿ?' ಮೂರನೆಯದಕ್ಕೆ ಸರಿಯಾದ ಉತ್ತರ ಸಿಕ್ಕರೆ ಮೊದಲಿನ ಎರಡು ತಾವೇ ಬಗೆಹರಿಯುತ್ತವೆ. ಕರೆದಾಗ ಬರುವ ಒಬ್ಬ ಲೋಕಲ್ ಮನುಷ್ಯ ಬೇಕು. ನಿಮ್ಮ ಗೆಳೆಯನಿಗೆ ಅಷ್ಟು ಹುರುಪಿದ್ದರೆ ಆ ಕೆಲಸ ವಹಿಸಿಕೊಳ್ಳಲಿ. ಕರಾರು ಹುಡುಗನ ಹೆಸರಲ್ಲಿ, ಬಾಡಿಗೆಗೆ ಹೊಣೆಗಾರ ನಿಮ್ಮ ಗೆಳೆಯ. ಹೀಗಾದರೆ ಮುಚ್ಚುಮರೆ ಇಲ್ಲ.

ಅಡ್ವಾನ್ಸ್ ದೊಡ್ಡ ತಲೆನೋವು. ಬೆಂಗಳೂರಿನಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಹಳೇ ರೂಢಿ. ಈಗ ಎಷ್ಟೋ ಕಡೆ ಐದಾರು ತಿಂಗಳಿಗೆ ಇಳಿದಿದೆ. ಕೇಂದ್ರ ಸರ್ಕಾರದ 2021ರ ಮಾದರಿ ಬಾಡಿಗೆ ಕಾಯ್ದೆ ಎರಡೇ ತಿಂಗಳು ಅನ್ನುತ್ತದೆ, ಆದರೆ ಅದು ರಾಜ್ಯಗಳಿಗೆ ಕೊಟ್ಟ ಮಾದರಿ ಮಾತ್ರ. ಯಜಮಾನರ ಮುಂದೆ ಅದನ್ನು ಓದಿ ಹೇಳಿದರೆ ನಗುತ್ತಾರೆ. ಬಾಡಿಗೆ 9,000 ಎಂದಿಟ್ಟುಕೊಂಡರೂ ಹತ್ತು ತಿಂಗಳಿಗೆ 90,000 ಆಯಿತು. ನಾಲ್ಕೈದು ಜನ ಸೇರಿ ಹಾಕುವ ದುಡ್ಡು. ಆ ದುಡ್ಡು ಯಾರು ಕೊಟ್ಟರು, ಮನೆ ಬಿಡುವಾಗ ಯಾರ ಕೈಗೆ ವಾಪಸ್ ಬರಬೇಕು ಅನ್ನೋದನ್ನು ಕರಾರಿನಲ್ಲೇ ಬರೆಸಿ. ಪೇಂಟಿಂಗ್ ಅಂತ ಒಂದು ತಿಂಗಳ ಬಾಡಿಗೆ ಹಿಡಿಯುತ್ತಾರಾ, ಅದನ್ನೂ ಈಗಲೇ ಕೇಳಿ. ಗೆಳೆತನ ಕೆಡೋದು ಇಂಥ ಕಡೆಯೇ. 'ಭೋಗ್ಯಕ್ಕೆ ಹಾಕ್ಕೊಳ್ಳಿ, ಬಾಡಿಗೆಯೇ ಇಲ್ಲ' ಅಂತ ಯಾರಾದರೂ ಆಸೆ ತೋರಿಸಿದರೆ ಹೋಗಬೇಡಿ. ನಾಳೆ ಎಲ್ಲಿರುತ್ತಾನೋ ಗೊತ್ತಿಲ್ಲದವನ ಹೆಸರಲ್ಲಿ ಲಕ್ಷಗಟ್ಟಲೆ ದುಡ್ಡು ಸಿಕ್ಕಿಹಾಕಿಕೊಳ್ಳುತ್ತದೆ.

ಮನೆ ಗೊತ್ತುಮಾಡುವ ಮೊದಲು ಬಸ್ ನೋಡಿ. ವಿದೇಶಿಯರ ನೋಂದಣಿ ಕಚೇರಿ, ಅಂದರೆ ಎಫ್‌ಆರ್‌ಆರ್‌ಒ, ಶಾಂತಿನಗರ ಬಸ್ ನಿಲ್ದಾಣದ ಕಟ್ಟಡದಲ್ಲಿದೆ. ಹಾಜರಿ ಹಾಕುವ ಠಾಣೆ ಯಾವುದು ಅನ್ನೋದು ಆದೇಶದಲ್ಲಿ ಇರುತ್ತದೆ. ಎರಡು ಬಸ್ ಬದಲಿಸಿ ಠಾಣೆಗೆ ಹೋಗಬೇಕಾದ ಅಗ್ಗದ ರೂಮಿಗಿಂತ ನಡೆದು ಹೋಗುವಷ್ಟು ದೂರದ, ಸ್ವಲ್ಪ ಜಾಸ್ತಿ ಬಾಡಿಗೆಯ ರೂಮೇ ವಾಸಿ. ಒಂದು ವಾರ ಹಾಜರಿ ತಪ್ಪಿದರೂ ಕಷ್ಟ.

ಮೊದಲ ವಾರ ಅವನನ್ನು ಒಬ್ಬನೇ ಬಿಡಬೇಡಿ. ಸ್ಟೌ, ಚಾಪೆ, ಅಕ್ಕಿ ಎಲ್ಲಾ ತಂದಿಟ್ಟು ಎಲ್ಲರೂ ಹೊರಟುಬಿಡುತ್ತಾರೆ. ನನಗೆ ಗೊತ್ತಿದ್ದ ಒಬ್ಬ ಬೆಳಗ್ಗೆ ಆರಕ್ಕೇ ಎದ್ದು, ಹಾಸಿಗೆ ಮಡಚಿ, ಅದರ ಪಕ್ಕ ನಿಂತಿರುತ್ತಿದ್ದ. ಯಾಕೆ ಅಂತ ಕೇಳಿದೆ. ಕೇಂದ್ರದಲ್ಲಿ ಬರುತ್ತಿದ್ದ ಹಾಗೆ ಇಲ್ಲಿ ತಲೆ ಎಣಿಕೆಗೆ ಯಾರೂ ಬರೋದಿಲ್ಲ ಅನ್ನೋದು ಗೊತ್ತು, ಕಾಲು ಕೇಳೋದಿಲ್ಲ ಎಂದ. ಹದಿನೈದು ದಿನ ಬೇಕಾಯಿತು.

ಪ್ರಶ್ನೆ: ಮಹಡಿ ಮೇಲಿನ ಒಂದು ರೂಮನ್ನು ಹೀಗೆ ಹೊರಬರುವ ಒಬ್ಬರಿಗೆ ಕೊಡಲು ಒಪ್ಪಿದ್ದೇನೆ. ಮಗ ಬೇಡ ಅನ್ನುತ್ತಿದ್ದಾನೆ. 'ಅಪ್ಪಾ, ನಾಳೆ ಪೊಲೀಸರು ನಿಮ್ಮನ್ನೇ ಕೇಳ್ತಾರೆ' ಅಂತ. ಅವರ ಹತ್ತಿರ ವಿಶ್ವಸಂಸ್ಥೆಯ ಕಾರ್ಡ್ ಇದೆಯಂತೆ. ಸಾಕಾಗುತ್ತದಾ?
ನಿವೃತ್ತ ಬ್ಯಾಂಕ್ ನೌಕರ, ಬಾಣಸವಾಡಿ

ಉತ್ತರ: ಮಗನ ಮಾತನ್ನು ತಳ್ಳಿಹಾಕಬೇಡಿ. ಪೊಲೀಸರು ಕೇಳಿಯೇ ಕೇಳುತ್ತಾರೆ. ಕೇಳಿದಾಗ ತೋರಿಸಲು ನಿಮ್ಮ ಹತ್ತಿರ ಕಾಗದ ಇರಬೇಕು, ಅಷ್ಟೇ.

ಕಾರ್ಡ್ ಒಂದೇ ಸಾಕಾಗುವುದಿಲ್ಲ. ಯುಎನ್‌ಎಚ್‌ಸಿಆರ್ ಅಂದರೆ ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆ. ಕಾರ್ಡ್ ಕೊಡುವುದು ಅವರು. ಆದರೆ 1951ರ ನಿರಾಶ್ರಿತರ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ. ನಿರಾಶ್ರಿತರಿಗೆಂದೇ ಒಂದು ಕಾಯ್ದೆಯೂ ನಮ್ಮಲ್ಲಿಲ್ಲ. ಕಾನೂನಿನ ಕಣ್ಣಿಗೆ ಅವರು ವಿದೇಶಿಯರು. 1946ರ ವಿದೇಶಿಯರ ಕಾಯ್ದೆಯ ಜಾಗದಲ್ಲಿ ಈಗ 2025ರ ಹೊಸ ಕಾಯ್ದೆ ಇದೆ. ಅದೇ ವರ್ಷ ಸೆಪ್ಟೆಂಬರ್ 1ರಿಂದ ಜಾರಿಯಲ್ಲಿದೆ. ಹಾಗಂತ ಕಾರ್ಡಿಗೆ ಬೆಲೆಯೇ ಇಲ್ಲ ಅಂತಲ್ಲ. ನಿರಾಶ್ರಿತ ಎಂದು ಹೇಳಿಕೊಳ್ಳುವವರ ಅರ್ಜಿಯನ್ನು ಪರಿಶೀಲಿಸಿ ದೀರ್ಘಾವಧಿ ವೀಸಾ ಕೊಡಲು 2011ರ ಡಿಸೆಂಬರ್‌ನಲ್ಲಿ ಗೃಹ ಸಚಿವಾಲಯ ಒಂದು ಕ್ರಮ ರೂಪಿಸಿತು, 2019ರಲ್ಲಿ ತಿದ್ದಿತು. ಅಂಥ ಅರ್ಜಿಗೆ ಕಾರ್ಡ್ ಬಲ ಕೊಡುತ್ತದೆ. ಇನ್ನು ಸಂವಿಧಾನದ 21ನೇ ವಿಧಿ, ಅಂದರೆ ಜೀವ ಮತ್ತು ಸ್ವಾತಂತ್ರ್ಯದ ಹಕ್ಕು, ನಾಗರಿಕರಿಗೆ ಮಾತ್ರವಲ್ಲ, ಇಲ್ಲಿರುವ ಪ್ರತಿ ಮನುಷ್ಯನಿಗೂ ಇದೆ. ಅರುಣಾಚಲದಲ್ಲಿ ನೆಲೆಸಿದ್ದ ಚಕ್ಮಾ ನಿರಾಶ್ರಿತರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1996ರಲ್ಲೇ ಹೀಗೆಂದಿದೆ.

ನೀವು ನೋಡಬೇಕಾದದ್ದು ಈ ವ್ಯಕ್ತಿ ಹೊರಗಿರಬಹುದು ಎಂದು ಹೇಳುವ ಲಿಖಿತ ಆದೇಶ. ಕೋರ್ಟಿನದಾಗಲಿ, ಎಫ್‌ಆರ್‌ಆರ್‌ಒದ್ದಾಗಲಿ. ಅದರ ಪ್ರತಿ ಇಟ್ಟುಕೊಳ್ಳಿ. 'ಆಮೇಲೆ ತಂದುಕೊಡ್ತೀವಿ ಸಾರ್' ಅಂದರೆ ಆಮೇಲೆಯೇ ಬೀಗದಕೈ ಕೊಡಿ. ಇದರಲ್ಲಿ ನಾಚಿಕೆ ಬೇಡ.

ವಿದೇಶಿಯರು ಬಂದು ಉಳಿದ 24 ಗಂಟೆಯೊಳಗೆ ಮನೆಯವರು ಎಫ್‌ಆರ್‌ಆರ್‌ಒಗೆ ಆನ್‌ಲೈನ್‌ನಲ್ಲಿ ತಿಳಿಸಬೇಕು. ಜನ ಅದನ್ನು 'ಫಾರ್ಮ್ ಸಿ' ಅಂತಲೇ ಕರೆಯುತ್ತಾರೆ. ಇದು ಹೋಟೆಲಿಗೆ ಮಾತ್ರ ಅಂತ ತುಂಬಾ ಜನ ತಿಳಿದಿದ್ದಾರೆ. ಅಲ್ಲ, ಒಂದು ರೂಮು ಕೊಡುವವರಿಗೂ ಅದೇ ನಿಯಮ. ಫಾರ್ಮ್ ತುಂಬುವ ಮೊದಲು ಮನೆಯವರು ಅಲ್ಲಿ ಖಾತೆ ತೆರೆಯಬೇಕು, ಅದಕ್ಕೆ ಒಪ್ಪಿಗೆ ಬರಬೇಕು. ಹಾಗಾಗಿ ಅವರು ಬರುವ ದಿನ ಕಂಪ್ಯೂಟರ್ ಮುಂದೆ ಕೂತರೆ 24 ಗಂಟೆ ಅಲ್ಲೇ ಕಳೆಯುತ್ತದೆ. ಖಾತೆಯನ್ನು ಈಗಲೇ ತೆರೆದಿಡಿ. ಈ ಕೆಲಸ ಮಗನಿಗೇ ವಹಿಸಿ, ಅವರ ಭಯವೂ ಅರ್ಧ ಇಳಿಯುತ್ತದೆ. ಬಡಾವಣೆಯ ಠಾಣೆಗೂ ಬಾಡಿಗೆದಾರರ ವಿವರ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ.

ಕರಾರು ಹನ್ನೊಂದು ತಿಂಗಳಿಗೆ, ಇ-ಸ್ಟ್ಯಾಂಪ್ ಕಾಗದದ ಮೇಲೆ, ಎಲ್ಲರಿಗೂ ಮಾಡುವ ಹಾಗೇ. ವರ್ಷ ದಾಟಿದರೆ ನೋಂದಣಿ ಮಾಡಿಸಬೇಕಾಗುತ್ತದೆ. ಬಾಡಿಗೆ ನಗದಾಗಿ ಪಡೆದರೆ ಪ್ರತಿ ತಿಂಗಳೂ ರಸೀದಿ ಬರೆದುಕೊಡಿ. ಅದು ಅವರಿಗೆ ಬಾಡಿಗೆಯ ಲೆಕ್ಕ ಮಾತ್ರವಲ್ಲ, ಇಲ್ಲೇ ಇದ್ದೇನೆ ಅನ್ನೋದಕ್ಕೆ ಸಾಕ್ಷಿ. ಪಾಸ್‌ಪೋರ್ಟ್ 'ಸೇಫ್ಟಿಗೆ ನನ್ನ ಹತ್ರ ಇರ್ಲಿ' ಅಂತ ಇಟ್ಟುಕೊಳ್ಳಬೇಡಿ. ಜೆರಾಕ್ಸ್ ಸಾಕು. ಆಧಾರ್ ಕೇಳಿ ಅವರನ್ನು ಪೇಚಿಗೂ ಸಿಕ್ಕಿಸಬೇಡಿ. ವಿಶ್ವಸಂಸ್ಥೆಯ ಕಾರ್ಡ್ ಇದ್ದ ಮಾತ್ರಕ್ಕೆ ಆಧಾರ್ ಸಿಗುವುದಿಲ್ಲ. ಎಲ್ಲರೂ ಆಧಾರ್ ಆಧಾರ್ ಅಂತ ಹಿಂದೆ ಬಿದ್ದಾಗಲೇ ಯಾರೋ ಒಬ್ಬ ಏಜೆಂಟ್ 'ನಾನು ಮಾಡಿಸ್ಕೊಡ್ತೀನಿ' ಅಂತ ಬರುತ್ತಾನೆ. ಅಲ್ಲಿಂದ ಇನ್ನೊಂದು ಕೇಸು.

ಪ್ರಶ್ನೆ: ಏಳು ವರ್ಷದ ಮಗಳಿರುವ ಹೆಂಗಸೊಬ್ಬರು ಮುಂದಿನ ತಿಂಗಳು ಹೊರಬರಬಹುದು. ಮನೆ ಇನ್ನೂ ಸಿಕ್ಕಿಲ್ಲ. ವಕೀಲರಿಗೆ ಕೊಡಲು ದುಡ್ಡೂ ಇಲ್ಲ. ಎಲ್ಲಿಂದ ಶುರು ಮಾಡಲಿ?
ಶಿಕ್ಷಕಿ, ನೆಲಮಂಗಲ

ಉತ್ತರ: ಇವತ್ತೇ 15100ಕ್ಕೆ ಫೋನ್ ಮಾಡಿ. ಅದು ಉಚಿತ ಕಾನೂನು ನೆರವಿನ ಸಹಾಯವಾಣಿ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಹೆಂಗಸರಿಗೆ, ಮಕ್ಕಳಿಗೆ, ಬಂಧನದಲ್ಲಿರುವವರಿಗೆ ಆದಾಯ ನೋಡದೆ ವಕೀಲರನ್ನು ಕೊಡುತ್ತಾರೆ. ನೇರವಾಗಿ ಹೋಗುವುದಾದರೆ ರಾಜ್ಯ ಪ್ರಾಧಿಕಾರದ ಕಚೇರಿ ಸಿದ್ದಯ್ಯ ರಸ್ತೆಯ ನ್ಯಾಯದೇಗುಲ ಕಟ್ಟಡದಲ್ಲಿದೆ. ಅರ್ಜಿಯಲ್ಲಿ ಮಗುವಿನ ವಯಸ್ಸನ್ನು ಮೊದಲ ಸಾಲಲ್ಲೇ ಬರೆಯಿರಿ.

ಮನೆ ಸಿಗುವವರೆಗೆ ತಂಗಲು ಸಖಿ ಕೇಂದ್ರ, ಆಮೇಲೆ ಶಕ್ತಿ ಸದನ ಕೇಳಿ ನೋಡಿ. ಎರಡೂ ಕಷ್ಟದಲ್ಲಿರುವ ಹೆಂಗಸರಿಗಾಗಿ ಇರುವ ಸರ್ಕಾರಿ ಯೋಜನೆಯ ಆಸರೆಗಳು. ಮಹಿಳಾ ಸಹಾಯವಾಣಿ 181ಕ್ಕೆ ಮಾಡಿದರೆ ದಾರಿ ಹೇಳುತ್ತಾರೆ. ಸಖಿಯಲ್ಲಿ ಕೆಲವೇ ದಿನ ಉಳಿಯಬಹುದು. ಹಾಗಾಗಿ ಅವರು ಹೊರಬರುವ ಮೊದಲೇ ನೀವೇ ಹೋಗಿ ಅಲ್ಲಿಯವರ ಜೊತೆ ಮಾತಾಡಿ ಬನ್ನಿ. ವಿದೇಶಿ ಹೆಂಗಸು ಅಂದ ಕೂಡಲೇ ಮೇಲಿನವರನ್ನು ಕೇಳಬೇಕು ಅನ್ನುತ್ತಾರೆ. ಕೇಳಲು ಅವರಿಗೂ ಸಮಯ ಬೇಕು. ಯಾವ ವಿಳಾಸ ಖಾತ್ರಿಯಾಗುತ್ತದೋ ಅದನ್ನು ವಕೀಲರಿಗೆ ತಕ್ಷಣ ತಿಳಿಸಿ. ಮುಂದೆ ಬಾಡಿಗೆ ಮನೆಗೆ ಹೋದಾಗ ವಿಳಾಸ ಬದಲಾದದ್ದನ್ನು ಕೋರ್ಟಿಗೂ ಎಫ್‌ಆರ್‌ಆರ್‌ಒಗೂ ಹೇಳಲೇಬೇಕು.

ಆ ಮನೆ ಶಾಲೆಯ ಹತ್ತಿರ ಇರಲಿ. ವಯಸ್ಸಿನ ದಾಖಲೆ ಇಲ್ಲ ಅಂತ ಶಾಲೆಯವರು ಮಗುವನ್ನು ಸೇರಿಸಿಕೊಳ್ಳದೆ ಕಳಿಸುವಂತಿಲ್ಲ ಎನ್ನುತ್ತದೆ ಶಿಕ್ಷಣ ಹಕ್ಕು ಕಾಯ್ದೆ. ನೀವು ಶಿಕ್ಷಕಿ, ಇದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಸೇರಿಸುವ ದಿನ ಜೊತೆಗೆ ಹೋಗಿ.