ಅಮ್ಮನಿಗಾಗಿ ತಿಂದ ಆ ಒಂದು ತುತ್ತು

ಪ್ರಶ್ನೆ: ನನಗೆ 41 ವರ್ಷ. ತೂಕ ಇಳಿಸುವ ಸ್ಲೀವ್ ಸರ್ಜರಿ ಆಗಿ 10 ವಾರ ಆಯ್ತು. ತೂಕ ಚೆನ್ನಾಗಿಯೇ ಇಳಿಯುತ್ತಿದೆ. ಆದರೆ ಊಟದ ಹೊತ್ತು ಬಂದರೆ ಎದೆ ಡವಡವ ಅನ್ನುತ್ತದೆ. ನಾಲ್ಕೈದು ಚಮಚಕ್ಕೇ ಹೊಟ್ಟೆ ತುಂಬಿಬಿಡುತ್ತದೆ. ಜೊತೆಗಿರುವ ಅಮ್ಮ "ಇಷ್ಟಕ್ಕೇ ಸಾಕಾ, ಇನ್ನೊಂದೇ ತುತ್ತು" ಅನ್ನುತ್ತಾರೆ. ಬೇಡ ಅನ್ನೋಕೆ ಮನಸ್ಸು ಬರದೆ ತಿನ್ನುತ್ತೇನೆ. ಆಮೇಲೆ ಬಾತ್‌ರೂಮಿಗೆ ಹೋಗಿ, ಯಾರಿಗೂ ಕೇಳಿಸಬಾರದು ಅಂತ ನಲ್ಲಿ ಬಿಟ್ಟುಕೊಂಡು ವಾಂತಿ ಮಾಡುತ್ತೇನೆ. ವಾರಕ್ಕೆ ಮೂರ್ನಾಲ್ಕು ಸಲ ಹೀಗಾಗುತ್ತಿದೆ. ನೀರನ್ನೂ ಗಟಗಟ ಕುಡಿಯುವ ಹಾಗಿಲ್ಲ, ಸದಾ ಬಾಯಿ ಒಣಗಿರುತ್ತದೆ. ನಮ್ಮ ಮನೆಯವರು ಊಟ ಮುಗಿಸಿ ಎದ್ದುಹೋಗುತ್ತಾರೆ, ತಟ್ಟೆ ಮುಂದೆ ನಾನೊಬ್ಬಳೇ. ಮೊನ್ನೆ ಅಡುಗೆಮನೆಯಲ್ಲಿ ನಿಂತು ಅತ್ತುಬಿಟ್ಟೆ. ನಾನೇ ಹಟ ಹಿಡಿದು ಮಾಡಿಸಿಕೊಂಡ ಸರ್ಜರಿ, ಈಗ ಯಾರ ಹತ್ತಿರ ಹೇಳಿಕೊಳ್ಳಲಿ? ತಪ್ಪು ಮಾಡಿಬಿಟ್ಟೆನಾ? ಮುಂದಿನ ತಿಂಗಳು ತಮ್ಮನ ಮದುವೆ ಬೇರೆ. ನೆಂಟರಿಗೆ ಯಾರಿಗೂ ವಿಷಯ ಗೊತ್ತಿಲ್ಲ.

ಉತ್ತರ: ಪ್ರೀತಿಯ ಗೆಳತಿ, ಉಳಿದದ್ದು ಆಮೇಲೆ. ಮೊದಲು ಆ ನಲ್ಲಿಯ ವಿಷಯ ಮಾತಾಡೋಣ.

ವಾರಕ್ಕೆ ಮೂರ್ನಾಲ್ಕು ಸಲ ವಾಂತಿ ಅಂದರೆ ಅದು ನೀವು ಒಬ್ಬರೇ ಸಹಿಸಿಕೊಳ್ಳಬೇಕಾದ ಸಂಗತಿ ಅಲ್ಲ, ನಿಮ್ಮ ಸರ್ಜನ್‌ಗೂ ಡಯಟಿಷಿಯನ್‌ಗೂ ಗೊತ್ತಾಗಲೇಬೇಕು. ಜಾಸ್ತಿ ತಿಂದದ್ದಕ್ಕೋ ಬೇಗ ತಿಂದದ್ದಕ್ಕೋ ವಾಂತಿ ಆಗುತ್ತಿರಬಹುದು. ಆದರೆ ಕೆಲವರಿಗೆ ಸ್ಲೀವ್‌ನಲ್ಲಿ, ಅಂದರೆ ಸರ್ಜರಿ ಆದ ಮೇಲೆ ಉಳಿಯುವ ಹೊಟ್ಟೆಯ ಕೊಳವೆಯಲ್ಲಿ, ಒಂದು ಕಡೆ ದಾರಿ ಕಿರಿದಾಗಿರುತ್ತದೆ, ಅದನ್ನು ಎಂಡೋಸ್ಕೋಪಿಯಲ್ಲಿ ನೋಡಿ ಅಗಲ ಮಾಡುವುದಕ್ಕೆ ಆಗುತ್ತದೆ. ಯಾವುದು ಅಂತ ಮನೆಯಲ್ಲಿ ಕೂತು ತಿಳಿಯುವುದಿಲ್ಲ. ಇನ್ನೊಂದು ಕಾರಣವೂ ಇದೆ. ವಿಟಮಿನ್ ಬಿ1 ನಮ್ಮ ಮೈಯಲ್ಲಿ ಎರಡು ಮೂರು ವಾರಕ್ಕೆ ಆಗುವಷ್ಟೇ ಕೂಡಿಟ್ಟಿರುತ್ತದೆ. ವಾಂತಿ ಆಗುತ್ತಲೇ ಇದ್ದರೆ ಅದು ಖಾಲಿಯಾಗಿ ನರಗಳಿಗೆ ಪೆಟ್ಟು ಬೀಳುತ್ತದೆ. ಕಾಲು ಜೋಮು ಹಿಡಿದ ಹಾಗಾಗುವುದು, ನಡೆಯುವಾಗ ತೂರಾಡುವುದು, ಒಂದು ವಸ್ತು ಎರಡಾಗಿ ಕಾಣುವುದು, ಮಾತು ಮರೆತುಹೋಗುವುದು, ಇದರಲ್ಲಿ ಒಂದಾದರೂ ಕಂಡರೆ ಅಪಾಯಿಂಟ್‌ಮೆಂಟ್‌ಗೆ ಕಾಯದೆ ನೇರ ಆಸ್ಪತ್ರೆಗೆ ಹೋಗಿ. 24 ಗಂಟೆ ನೀರೂ ಹೊಟ್ಟೆಯಲ್ಲಿ ನಿಲ್ಲದಿದ್ದರೂ, ಜ್ವರ, ಜೋರು ಹೊಟ್ಟೆನೋವು, ಸುಮ್ನೆ ಕೂತಾಗಲೂ ಎದೆ ಓಡುವಂತೆ ಬಡಿದುಕೊಳ್ಳುವುದು ಇದ್ದರೂ ಅಷ್ಟೇ. ಹೆದರಿಸಬೇಕು ಅಂತ ಬರೆಯುತ್ತಿಲ್ಲ. ನೀವು ನಲ್ಲಿ ಬಿಟ್ಟುಕೊಂಡು ಮುಚ್ಚಿಡುತ್ತಿರುವುದು ಡಾಕ್ಟರಿಗೂ ಮುಚ್ಚಿಹೋಗುತ್ತಿದೆ ಅನ್ನುವುದೇ ನನ್ನ ಚಿಂತೆ.

ಈಗ ಆ ತುತ್ತಿಗೆ ಬರೋಣ.

ನನಗೂ ಇದೇ ಸರ್ಜರಿ ಆಗಿದೆ, ಅದಕ್ಕೇ ನಿಮ್ಮ ಪತ್ರ ಓದಿ ಸ್ವಲ್ಪ ಹೊತ್ತು ಏನೂ ಬರೆಯಲಾಗಲಿಲ್ಲ. ಆರನೇ ವಾರದಲ್ಲಿ ಒಂದು ಬೇಯಿಸಿದ ಮೊಟ್ಟೆ ತೆಗೆದುಕೊಂಡು ಕೂತಿದ್ದೆ. ಪುಟ್ಟ ತಟ್ಟೆ, ಟೀ ಚಮಚ, ಎದುರಿಗೆ ಗಡಿಯಾರ. ಅರ್ಧ ಮೊಟ್ಟೆ ಮುಗಿಯುವಷ್ಟರಲ್ಲಿ 20 ನಿಮಿಷ ಆಗಿತ್ತು. ಬಲಗಡೆಯ ಮೂಗಿನಿಂದ ನೀರು ಇಳಿಯಲು ಶುರುವಾಯಿತು, ನೆಗಡಿ ಇರಲಿಲ್ಲ. ಉಗುರಿನಷ್ಟು ಬಿಳಿ ಭಾಗ ಇನ್ನೂ ತಟ್ಟೆಯಲ್ಲಿತ್ತು, ಬಿಸಾಡಲು ಮನಸ್ಸಾಗದೆ ಬಾಯಿಗೆ ಹಾಕಿಕೊಂಡೆ. ಆಮೇಲೆ ಮುಕ್ಕಾಲು ಗಂಟೆ ಎದೆಯ ನಡುವೆ ಕೈ ಒತ್ತಿ ಹಿಡಿದುಕೊಂಡು ಹಾಲ್‌ನಲ್ಲಿ ಅತ್ತಿಂದಿತ್ತ ಓಡಾಡಿದ್ದೇನೆ. ಬಾಯಿ ತುಂಬಾ ನೊರೆ ನೊರೆಯಾದ ಜೊಲ್ಲು. ಉಗುರಿನಷ್ಟು ಮೊಟ್ಟೆಗೆ!

ಯಾಕೆ ಹೀಗೆ ಅಂದರೆ, ಸ್ಲೀವ್ ಸರ್ಜರಿಯಲ್ಲಿ ಹೊಟ್ಟೆಯ ಚೀಲದ ನೂರಕ್ಕೆ ಸುಮಾರು 75ರಿಂದ 80 ಭಾಗ ತೆಗೆದುಬಿಡುತ್ತಾರೆ. ಊಟ ಹೋದ ಹಾಗೆ ಹಿಗ್ಗಿ ಜಾಗ ಮಾಡಿಕೊಡುತ್ತಿದ್ದ ಮೇಲಿನ ಭಾಗವೇ ಹೋಗಿರುತ್ತದೆ. ಉಳಿಯುವುದು ಬಾಳೆಹಣ್ಣಿನ ಆಕಾರದ ಕೊಳವೆ, 100ರಿಂದ 150 ಎಂಎಲ್ ಹಿಡಿಯುವಂಥದ್ದು, ಅದೂ ಅಷ್ಟಾಗಿ ಹಿಗ್ಗುವುದಿಲ್ಲ. ಹಳೇ ಹೊಟ್ಟೆಗೆ ಒಂದು ತುತ್ತು ಜಾಸ್ತಿಯಾದರೆ ಗೊತ್ತೇ ಆಗುತ್ತಿರಲಿಲ್ಲ. ಈ ಹೊಟ್ಟೆಗೆ ಆ ಒಂದು ತುತ್ತೇ ಎಲ್ಲವೂ. ನಿಮ್ಮ ಅಮ್ಮ ಹಳೇ ಹೊಟ್ಟೆಯ ಲೆಕ್ಕದಲ್ಲಿ ಬಡಿಸುತ್ತಿದ್ದಾರೆ, ನೀವು ಹೊಸ ಹೊಟ್ಟೆಯಲ್ಲಿ ತಿನ್ನುತ್ತಿದ್ದೀರಿ.

ಸಾಕು ಅನ್ನುವುದನ್ನು ಮೈ ಮೊದಲೇ ಹೇಳುತ್ತದೆ, ಆದರೆ ಹಳೇ ಭಾಷೆಯಲ್ಲಲ್ಲ. ಒಬ್ಬರಿಗೆ ಬಿಕ್ಕಳಿಕೆ, ಇನ್ನೊಬ್ಬರಿಗೆ ತಾನಾಗಿ ಬರುವ ಒಂದು ದೊಡ್ಡ ನಿಟ್ಟುಸಿರು, ಸೀನು, ಎದೆಮೂಳೆಯ ಕೆಳಗೆ ಬಿಗಿತ. ನನಗೆ ಮೂಗು. ನಿಮ್ಮದು ಯಾವುದು ಅಂತ ಈ ವಾರ ಹುಡುಕಿ. ಅದು ಬಂದ ಕೂಡಲೇ ಚಮಚ ಕೆಳಗಿಡಿ, ಬಾಯಲ್ಲಿರುವುದನ್ನು ಉಗುಳಬೇಕಾದರೂ ಪರವಾಗಿಲ್ಲ. ಜೋರಾಗಿ ವಾಂತಿಯಾದ ದಿನ ಆ ಕೊಳವೆ ಊದಿಕೊಂಡಿರುತ್ತದೆ, ಮುಂದಿನ ಊಟಕ್ಕೆ ಮತ್ತೆ ಗಟ್ಟಿ ಪದಾರ್ಥ ಬೇಡ. ಒಂದು ದಿನ ದ್ರವಕ್ಕೆ ಹಿಂದಿರುಗಿ, ಆಮೇಲೆ ಮೆತ್ತಗಿನದು, ಆಮೇಲೆ ಎಂದಿನದು. ಮೆತ್ತನೆಯ ಬ್ರೆಡ್, ಮುದ್ದೆಗಟ್ಟುವ ಅನ್ನ, ಮತ್ತೆ ಬಿಸಿ ಮಾಡಿ ಒಣಗಿದ ಚಿಕನ್ ಇವು ಹೆಚ್ಚಿನವರಿಗೆ ಸಿಕ್ಕಿಹಾಕಿಕೊಳ್ಳುತ್ತವೆ. ದಿನಕ್ಕೆ 60 ಗ್ರಾಂ ಆದರೂ ಪ್ರೋಟೀನ್ ಹೋಗಬೇಕು, ಹಾಗಾಗಿ ಮೊದಲ ಚಮಚಗಳು ಅದರವೇ ಆಗಿರಲಿ. ಗಟ್ಟಿಯದು ನೋಯಿಸುತ್ತದೆ ಅಂತ ಐಸ್‌ಕ್ರೀಮು, ಚಿಪ್ಸು, ಬಿಸ್ಕತ್ತಿನ ಕಡೆ ಕೈ ಹೋಗುವುದು ಸಹಜ, ಅವು ಸುಲಭವಾಗಿ ಜಾರಿ ಇಳಿಯುತ್ತವೆ ಅಲ್ವಾ. ಅಲ್ಲಿಂದಲೇ ತೂಕ ಸದ್ದಿಲ್ಲದೆ ವಾಪಸ್ ಬರುವುದು.

ನೀರಿನ ಬಗ್ಗೆ ನೀವು ಒಂದೇ ಸಾಲು ಬರೆದಿದ್ದೀರಿ, ಆದರೆ ನನಗೆ ಊಟಕ್ಕಿಂತ ಅದೇ ಕಷ್ಟ ಆಗಿತ್ತು. ತಲೆ ಹಿಂದಕ್ಕೆ ಎತ್ತಿ ಒಂದು ಲೋಟ ನೀರು ಒಂದೇ ಉಸಿರಿಗೆ ಇಳಿಸುವ ಸುಖ ಇದೆಯಲ್ಲ, ಅದನ್ನು ನೆನೆಸಿಕೊಂಡು ನಾನು ಕನಸು ಕಂಡಿದ್ದೇನೆ. ದಿನಕ್ಕೆ ಒಂದೂವರೆ ಲೀಟರ್ ಆದರೂ ಬೇಕು. ಊಟ ಮಾಡುವಾಗ ಕುಡಿಯುವ ಹಾಗಿಲ್ಲ, ಊಟ ಆಗಿ 30 ನಿಮಿಷ ಕಾಯಬೇಕು, ಇಲ್ಲದಿದ್ದರೆ ಊಟಕ್ಕೆ ಇರುವ ಚೂರು ಜಾಗವನ್ನು ನೀರೇ ಹಿಡಿಯುತ್ತದೆ. ಎಚ್ಚರವಿರುವ ಹೊತ್ತಿನಿಂದ ಇದನ್ನೆಲ್ಲ ಕಳೆದು ನೋಡಿದರೆ ಕುಡಿಯಲು ಉಳಿಯುವುದು ಸುಮಾರು 12 ಗಂಟೆ, ಅಂದರೆ ಗಂಟೆಗೆ ಹೆಚ್ಚುಕಡಿಮೆ 125 ಎಂಎಲ್. ಕಾಲು ಗಂಟೆಗೆ ಮೂರು ಸಣ್ಣ ಗುಟುಕು, ಅಷ್ಟೇ. ಹೀಗೆ ಒಡೆದು ನೋಡಿದ ಮೇಲೆಯೇ ನನಗೆ ಧೈರ್ಯ ಬಂದದ್ದು. ಬಾಟಲಿಯ ಮೇಲೆ ಪೆನ್ನಿನಲ್ಲಿ ಗೆರೆ ಹಾಕಿ ಪಕ್ಕದಲ್ಲಿ ಗಂಟೆ ಬರೆದಿಟ್ಟಿದ್ದೆ, 9, 10, 11 ಅಂತ. ಗುಟುಕನ್ನು ಕೂಡಲೇ ನುಂಗಬೇಡಿ, ಬಾಯೊಳಗೆ ಒಂದು ಸುತ್ತು ಆಡಿಸಿ ಆಮೇಲೆ ಬಿಡಿ, ಬಾಯಿ ಒಣಗುವುದು ಎಷ್ಟೋ ಕಮ್ಮಿಯಾಗುತ್ತದೆ. ಬರೀ ನೀರು ಕಲ್ಲಿನ ಹಾಗೆ ಭಾರ ಅನ್ನಿಸಿದರೆ ಬೆಚ್ಚಗೆ ಮಾಡಿ ನೋಡಿ, ಅದೂ ಆಗದಿದ್ದರೆ ತಣ್ಣಗೆ. ಮೂತ್ರ ಗಾಢ ಹಳದಿ ಇದೆ ಅಂದರೆ ನೀರು ಸಾಲುತ್ತಿಲ್ಲ ಅಂತಲೇ ಅರ್ಥ. ಗ್ಯಾಸ್ ಇರುವ ಪಾನೀಯ ಬೇಡವೇ ಬೇಡ, ಆ ಗಾಳಿಗೆ ಒಳಗೆ ಜಾಗ ಎಲ್ಲಿದೆ?

ತಪ್ಪು ಮಾಡಿಬಿಟ್ಟೆನಾ ಅಂತ ಕೇಳಿದ್ದೀರಿ. ಇಲ್ಲ. ನಾನೇ ಬೇಕು ಅಂತ ಮಾಡಿಸಿಕೊಂಡೆ, ಹಾಗಾಗಿ ಅಳುವ ಹಕ್ಕಿಲ್ಲ ಅಂದುಕೊಂಡಿದ್ದೀರಿ, ತಪ್ಪಿರುವುದು ಅಲ್ಲಿ. ತಾನೇ ಇಷ್ಟಪಟ್ಟು ಮದುವೆಯಾಗಿ ಬೇರೆ ಊರಿಗೆ ಹೋದವಳು ತವರು ನೆನೆದು ಅಳುವುದಿಲ್ಲವೇ? ಊಟ ನಿಮಗೆ ಬರೀ ಹೊಟ್ಟೆಯ ವಿಷಯ ಆಗಿರಲಿಲ್ಲ. ಬೇಜಾರಾದಾಗ ಜೊತೆ, ಖುಷಿಯಾದಾಗ ಹಬ್ಬ, ಮನೆಯವರ ಜೊತೆ ಕೂತು ಮಾತಾಡುವ ಹೊತ್ತು, ಎಲ್ಲ ಅದೇ ಆಗಿತ್ತು. ಹಸಿವು ಹುಟ್ಟಿಸುವ ಗ್ರೆಲಿನ್ ಅನ್ನುವ ಹಾರ್ಮೋನು ಹೆಚ್ಚಾಗಿ ತಯಾರಾಗುತ್ತಿದ್ದದ್ದು ಈಗ ತೆಗೆದುಹಾಕಿದ ಭಾಗದಲ್ಲೇ, ಹಾಗಾಗಿ ಹೊಟ್ಟೆ ಅಷ್ಟಾಗಿ ಕೇಳುವುದಿಲ್ಲ, ಆದರೆ ಮನಸ್ಸು ಕೇಳುತ್ತದೆ. ಮೊದಲ ಕೆಲವು ತಿಂಗಳು ಹೀಗನ್ನಿಸುವವರು ಬಹಳ ಜನ. ನಾಲ್ಕೈದು ಚಮಚದಲ್ಲೇ ಜೀವನಪೂರ್ತಿ ನಿಲ್ಲುವುದಿಲ್ಲ, ವರ್ಷ ತುಂಬುವ ಹೊತ್ತಿಗೆ ಹೆಚ್ಚಿನವರು ಒಂದು ಕಪ್ಪಿನಷ್ಟು ಆರಾಮಾಗಿ ತಿನ್ನುತ್ತಾರೆ. ಅಡುಗೆಮನೆಯ ಅಳು ದಿನದಿನವೂ ಬರುತ್ತಿದ್ದರೆ, ಬೆಳಿಗ್ಗೆ ಏಳಲೂ ಬೇಡ ಅನ್ನಿಸಿದರೆ, ಅದನ್ನೂ ಡಾಕ್ಟರ್ ಹತ್ತಿರ ಹೇಳಿ. (ಇಷ್ಟರಲ್ಲೇ ತಲೆಕೂದಲು ಕೈಗೆ ಬರಲು ಶುರುವಾಗಬಹುದು. ಗಾಬರಿ ಬೇಡ, ಸಾಮಾನ್ಯವಾಗಿ ಮತ್ತೆ ಬೆಳೆಯುತ್ತದೆ.)

ಅಮ್ಮನ ಹತ್ತಿರ ಊಟದ ಹೊತ್ತಿನಲ್ಲಿ ಈ ಮಾತು ತೆಗೆಯಬೇಡಿ, ಆಗ ಅವರ ಕೈಯಲ್ಲಿ ಸೌಟು ಇರುತ್ತದೆ. ಮಧ್ಯಾಹ್ನ ಅವರು ಸುಮ್ನೆ ಕೂತಿರುವಾಗ ಒಂದು ಲೋಟ ತನ್ನಿ, ಅಳತೆ ಮಾಡಿ 120 ಎಂಎಲ್ ನೀರು ಹಾಕಿ. "ಅಮ್ಮ, ನನ್ನ ಹೊಟ್ಟೆ ಈಗ ಇಷ್ಟೇ. ನೀವು ಕೊಡುವ ಕೊನೇ ತುತ್ತು ನನಗೆ ದಕ್ಕುತ್ತಿಲ್ಲ, ಬಾತ್‌ರೂಮಿಗೆ ಹೋಗಿ ವಾಂತಿ ಮಾಡುತ್ತಿದ್ದೇನೆ" ಅನ್ನಿ. ಅವರಿಗೆ ನೋವಾಗುತ್ತದೆ, ಆಗಲಿ. ಮಗಳು ಸೊರಗಿಹೋಗುತ್ತಾಳೆ ಅಂತ ಹೆದರಿ ಬಡಿಸುತ್ತಿರುವವರು ಅವರು, ನಿಜ ಗೊತ್ತಾದರೆ ಒಂದು ದಿನವೂ ಒತ್ತಾಯ ಮಾಡಲಾರರು. ಬರೀ ಬೇಡ ಅಂದು ಬಿಡಬೇಡಿ, ಆ ಕೈಗೆ ಬೇರೆ ಕೆಲಸ ಕೊಡಿ. ಗಂಟೆಗೊಮ್ಮೆ ಬಾಟಲಿಯ ಗೆರೆ ನೋಡಿ ನೆನಪಿಸುವುದು, ಮಾತ್ರೆ ಡಬ್ಬಿ ತುಂಬಿಸುವುದು. ಡಯಟಿಷಿಯನ್ ಹತ್ತಿರ ಹೋಗುವಾಗ ಕರೆದುಕೊಂಡು ಹೋಗಿ, ಅವರ ಪ್ರಶ್ನೆಗಳನ್ನು ಅವರೇ ಕೇಳಲಿ. ನಿಮ್ಮ ಮನೆಯವರಿಗೂ ಒಂದು ಮಾತು, ಊಟ ಮುಗಿದ ಮೇಲೆ ಹತ್ತೇ ನಿಮಿಷ ಎದುರಿಗೆ ಕೂತಿರಿ ಅಂತ. ಕೇಳದೆ ಇದ್ದರೆ ಅವರಿಗೆ ಹೊಳೆಯುವುದೇ ಇಲ್ಲ.

ಇನ್ನು ಮದುವೆಯ ವಿಷಯಕ್ಕೆ ಬರೋಣ. ನೆಂಟರಿಗೆ ಎಲ್ಲ ಬಿಚ್ಚಿಹೇಳಬೇಕು ಅಂತ ಏನಿಲ್ಲ. "ಹೊಟ್ಟೆದು ಒಂದು ಆಪರೇಷನ್ ಆಗಿದೆ, ಸ್ವಲ್ಪ ಸ್ವಲ್ಪ ತಿನ್ನಿ ಅಂದಿದ್ದಾರೆ" ಅಂದರೆ ಸಾಕು, ಅದರಲ್ಲಿ ಸುಳ್ಳೂ ಇಲ್ಲ. ಮೇಲೆ ಕೇಳಿದರೆ ಮದುವೆ ಹೆಣ್ಣಿನ ಸೀರೆ ಬಗ್ಗೆ ಮಾತು ತಿರುಗಿಸಿ. ಮನೆಯಲ್ಲೇ ನಿಮ್ಮ ಪ್ರೋಟೀನ್ ಮುಗಿಸಿ ಹೊರಡಿ, ಗೆರೆ ಹಾಕಿದ ಬಾಟಲಿ ಬ್ಯಾಗಿನಲ್ಲಿರಲಿ. ಸಿಹಿ ಜಾಸ್ತಿಯಾದರೆ ಸ್ಲೀವ್ ಆದವರಲ್ಲೂ ಕೆಲವರಿಗೆ ಅರ್ಧ ಗಂಟೆಯೊಳಗೆ ಬೆವರು, ಎದೆಬಡಿತ, ಭೇದಿ ಶುರುವಾಗುತ್ತದೆ. ಮದ್ಯ ಯಾರಾದರೂ ಕೊಟ್ಟರೆ ಬೇಡ ಅನ್ನಿ, ಈ ಹೊಟ್ಟೆಗೆ ಅದು ಬೇಗ ಏರುತ್ತದೆ. ನಿಮಗೆ ನಿಜವಾಗಲೂ ಇಷ್ಟ ಇರುವ ಒಂದೇ ಒಂದು ಪದಾರ್ಥ ಆರಿಸಿಕೊಂಡು, ನಿಂತುಕೊಂಡಲ್ಲ, ಒಂದು ಕಡೆ ಕೂತು, ಎರಡು ಚಮಚ ನಿಧಾನವಾಗಿ ತಿನ್ನಿ. ಅಮ್ಮ ಪಕ್ಕದಲ್ಲೇ ಇರಲಿ, ಬೇರೆಯವರು ಬಡಿಸಲು ಬಂದರೆ ಅಡ್ಡ ಕೈ ಹಿಡಿಯುವವರು ಅವರೇ ಆಗಿರುತ್ತಾರೆ.

ಡಾಕ್ಟರಿಗೆ ಫೋನ್ ಮಾಡುವುದನ್ನು ಮಾತ್ರ ಮದುವೆ ಮುಗಿಯಲಿ ಅಂತ ಮುಂದಕ್ಕೆ ಹಾಕಬೇಡಿ. ನಾಳೆ ಬೆಳಿಗ್ಗೆಯೇ ಮಾಡಿ, ವಾರಕ್ಕೆ ಎಷ್ಟು ಸಲ ವಾಂತಿ ಆಗುತ್ತಿದೆ ಅನ್ನುವುದನ್ನು ಕಮ್ಮಿ ಮಾಡಿ ಹೇಳಬೇಡಿ.